ಮಾಧುರಿ ಬರೆದ ಕರಾರು

ಎಂಬತ್ತು ವರ್ಷದ ವಿಮಾನಕ್ಕೆ ಎಪ್ಪತ್ತು ವರ್ಷದ ಅತ್ತೆಯನ್ನು ಹತ್ತಿಸುವ ಹುಕಿ ಮಾಧುರಿಯದೇ. ಅವಳಿದ್ದ ಪರದೇಶದಲ್ಲಿ, ಗಿಲ್‌ರಾಯ್ ಎಂಬ ಊರಿನ ಆಚೆ, ಹಳೇ ವಿಮಾನಗಳ ಕ್ಲಬ್ಬೊಂದಿತ್ತು. ಶನಿವಾರ ಬಂದವರನ್ನು ಕೂರಿಸಿಕೊಂಡು ಇಪ್ಪತ್ತು ನಿಮಿಷ ಸುತ್ತಿಸುತ್ತಿದ್ದರು. ವಕೀಲೆಯಾದ ಮಾಧುರಿ ಎರಡು ವರ್ಷದ ಹಿಂದೆ ಅವರಿಗೆ, ಹತ್ತುವವರು ಸಹಿ ಹಾಕಬೇಕಾದ ಕರಾರುಪತ್ರವನ್ನು ಪುಕ್ಕಟೆಯಾಗಿ ಬರೆದುಕೊಟ್ಟಿದ್ದಳು. ಆರು ಪುಟ, ಸೂಜಿಯೂ ತೂರದಷ್ಟು ಬಿಗಿ ಎಂದು ಅವಳಿಗೆ ಹೆಮ್ಮೆ. ಬಂದವರೆಲ್ಲ ಓದದೆ ಸಹಿ ಹಾಕಿ ಸೆಲ್ಫಿಗೆ ಓಡುತ್ತಿದ್ದರು.

ಅತ್ತೆ ದಾನವ್ವ ಮಾತ್ರ ಪೆನ್ನು ಮುಟ್ಟಲಿಲ್ಲ. ಗದಗಿನ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಮೂವತ್ತು ವರ್ಷ ಸವೆಸಿದ ಹೆಂಗಸು. ಪತ್ರ ಓದಿ ಹೇಳದೆ ಯಾರ ಹೆಬ್ಬೆಟ್ಟನ್ನೂ ಒತ್ತಿಸಿಕೊಂಡವರಲ್ಲ. ಕನ್ನಡದಲ್ಲಿ ಓದಿ ಹೇಳು ಎಂದು ಕುರ್ಚಿ ಎಳೆದುಕೊಂಡು ಕೂತರು.

ಇಂಗ್ಲಿಷಿನಲ್ಲಿ ಘನವಾಗಿ ಕಂಡದ್ದು ಕನ್ನಡಕ್ಕಿಳಿದ ಕೂಡಲೇ ಮಾಧುರಿಯ ಬಾಯಿ ಕಹಿಯಾಯಿತು. ಇಂಜಿನ್ ಕೆಟ್ಟು ಸತ್ತರೆ ಕ್ಲಬ್ಬಿನ ತಪ್ಪಲ್ಲ. ಪೈಲಟ್ ಮೈಮರೆತು ಸತ್ತರೂ ತಪ್ಪಲ್ಲ. ಮಗನಾಗಲಿ ಸೊಸೆಯಾಗಲಿ ಕೋರ್ಟಿಗೆ ಹೋಗುವಂತಿಲ್ಲ. ಸೊಸೆ ಎನ್ನುವಾಗ ಅವಳಿಗೆ ನಾಚಿಕೆಯೇ ಆಯಿತು.

"ಇಷ್ಟೆಲ್ಲಾ ಬರಸ್ಕೊಂಡಾರ. ಇಂಜಿನ್ ಯಾವಾಗ ನೋಡ್ಯಾರ, ಕೇಳು," ಎಂದರು ದಾನವ್ವ.

ಎರಡು ವರ್ಷದಲ್ಲಿ ಮಾಧುರಿ ಅದೊಂದನ್ನು ಕೇಳಿರಲಿಲ್ಲ. ಈಗ ಕೇಳಿದ್ದಕ್ಕೆ ಕ್ಲಬ್ಬಿನ ಮುಖ್ಯಸ್ಥ, ಮೈಸೂರಿನ ಶಿವರಾಜ, ಅವಳನ್ನು ಹೊಗಳುವ ಉತ್ಸಾಹದಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟರು.

"ಮೊದಲೆಲ್ಲ ತಿಂಗಳಿಗೊಂದ್ಸಲ ಹೊರಗಿನ ಮೆಕ್ಯಾನಿಕ್‌ನ ಕರೆಸ್ತಿದ್ವಿ, ಮೇಡಂ. ನಿಮ್ಮ ಪೇಪರ್ ಬಂದ್ಮೇಲೆ ಆ ಟೆನ್ಷನ್ನೇ ಹೋಯ್ತು."

ಇವತ್ತು ಹಾರಿಸಬೇಡಿ ಎಂದಳು ಮಾಧುರಿ. ಶಿವರಾಜ ನಗುತ್ತಲೇ ಹನ್ನೊಂದನೇ ಕಲಮು ತೋರಿಸಿದರು: ಹಾರಾಟದ ವಿಷಯದಲ್ಲಿ ಕ್ಲಬ್ಬಿನ ತೀರ್ಮಾನವೇ ಅಂತಿಮ. ಮಾಡಿದ್ದುಣ್ಣೋ ಮಹರಾಯ, ವಾಕ್ಯ ಅವಳದೇ.

ಅತ್ತೆಯನ್ನು ಕುರ್ಚಿಯಲ್ಲೇ ಬಿಟ್ಟು ಅವಳು ಸಾಲಿನಲ್ಲಿದ್ದ ಆರು ಮಂದಿಯ ಬಳಿ ಓಡಿದಳು. ಮೆಕ್ಯಾನಿಕ್ ಬರುವುದು ನಿಂತಿದೆ, ಕಾಗದದಲ್ಲಿ ಹೀಗಿದೆ ಎಂದು ಒಂದೇ ಉಸಿರಿಗೆ ಹೇಳಿದಳು. ಅವರಿಗೆ ತಡವಾಗುತ್ತಿತ್ತು. ಕ್ಯಾಂಪ್‌ಬೆಲ್ ಊರಿನಿಂದ ಬಂದಿದ್ದ ಕುಶಲ್ ಎಂಬ ಇಂಜಿನಿಯರು ಅವಳಿಗೇ ಸಮಾಧಾನ ಹೇಳಿದ.

"ನಿಮ್ಮಂಥ ಲಾಯರ್ ಕೂತು ಬರೆದಿದ್ದಾರೆ ಅಂದ್ಮೇಲೆ ಎಲ್ಲಾ ನೋಡಿರ್ತಾರೆ ಬಿಡಿ."

ಆರೂ ಜನ ಹತ್ತಿದರು. ವಿಮಾನ ಕೆಮ್ಮುತ್ತ ಓಡಿ ಮೇಲೆದ್ದಿತು. ದಾನವ್ವ ಬಂದು ಸೊಸೆಯ ಪಕ್ಕ ನಿಂತರು.

"ಏನರ ಆದ್ರ ಯಾರನ್ನ ಕೇಳಬೇಕಂತ ಬರದಿ?"

"ಯಾರನ್ನೂ ಕೇಳೂ ಹಂಗಿಲ್ಲ ಅಂತ ಬರದೀನಿ, ಅತ್ತಿ," ಎಂದಳು ಮಾಧುರಿ, ಆಕಾಶದಿಂದ ಕಣ್ಣು ತೆಗೆಯದೆ.