ಒಂದಕ್ಕೆ ಐವತ್ತಾರು

ಭಾವನ ಕಾರುಗಳು ಗೋಡೆಯ ಹಿಂದೆ ಹೋದರೆ ಹೋದವೇ. ಉಳಿದವರ ಗಾಡಿಗಳ ನೆತ್ತಿಯಾದರೂ ಕಾಣುತ್ತಿತ್ತು. ಭಾವನವು ಮಾತ್ರ ನೆಲ ನುಂಗಿದ ಹಾಗೆ ಮಾಯ. ಸತತ ನಾಲ್ಕು ಭಾನುವಾರ ಅವರೇ ಗೆದ್ದರು. ಮೊದಲು ಅನುಮಾನ ಬಂದದ್ದು ನನಗಲ್ಲ, ಹಲ್ಲಿನ ಡಾಕ್ಟರಿಗೆ. ಆದರೆ ಅನುಮಾನ ನೆಗಡಿಯ ಥರ. ಯಾರಿಂದ ಅಂಟಿತು ಎಂದು ಯೋಚಿಸುವಷ್ಟರಲ್ಲಿ ನಮ್ಮ ಮೂಗೇ ಸೋರುತ್ತಿರುತ್ತದೆ.

ನಾವು ನಾಲ್ವರು. ಲಾಂಡ್ರಿಯ ಮೇಲಿನ ಕೋಣೆಯಲ್ಲಿ, ಇಸ್ತ್ರಿಯ ಬಿಸಿ ನೆಲದಿಂದ ಅಂಗಾಲಿಗೆ ಏರುತ್ತಿರುವಾಗ, ದೊಡ್ಡ ಮೇಜಿನ ಮೇಲೆ ಬೊಂಬೆ ಸೈನಿಕರನ್ನು ನಿಲ್ಲಿಸಿ ಯುದ್ಧದ ಆಟ ಆಡುತ್ತೇವೆ. ಕೋಣೆ ಡಾಕ್ಟರದು, ಮೇಜಿನ ಮೇಲಿನ ಪುಟ್ಟ ಗೋಡೆ, ಮನೆಗಳನ್ನು ಮಾಡಿದವರೂ ಅವರೇ. ಇನ್ನೊಬ್ಬರು ಬಸ್ ಡ್ರೈವರ್. ಕನ್ನಡಕದ ಅಂಗಡಿ ಇಟ್ಟಿರುವ ಭಾವ ನನ್ನ ಅಕ್ಕನ ಗಂಡ. ನನ್ನನ್ನು ಇಲ್ಲಿಗೆ ಕರೆತಂದದ್ದು ಅವರು. ನಾನು ದರ್ಜಿ. ಆಟದ ನಿಯಮ ಸರಳ. ಗುಂಡು ಹಾರಿಸುವ ಮುಂಚೆ ಬಗ್ಗಿ, ನಮ್ಮ ಸೈನಿಕನ ಕಣ್ಣಿನ ಮಟ್ಟದಿಂದ ನೋಡಬೇಕು. ಎದುರಾಳಿಯ ಗಾಡಿ ಚೂರು ಕಂಡರೂ ಹೊಡೆಯಬಹುದು, ಕಾಣದಿದ್ದರೆ ಇಲ್ಲ. ಅಂದರೆ ಗಾಡಿ ಗಿಡ್ಡವಾದಷ್ಟೂ ಲಾಭ.

ಡಾಕ್ಟರು ನನ್ನನ್ನು ಮೆಟ್ಟಿಲ ಮೇಲೆ ತಡೆದರು.

"ನಿಮ್ಮ ಭಾವನ ಗಾಡಿಗಳು ಸ್ವಲ್ಪ ಚಿಕ್ಕವು ಅನ್ಸಲ್ವಾ?"

"ನನಗೇನು ಗೊತ್ತು ಡಾಕ್ಟ್ರೇ."

"ಅಳತೆ ನಿಮ್ಮ ಕಸುಬಲ್ವಾ? ಬೇಕೂಂತ ಚಿಕ್ಕ ಗಾಡಿ ತಂದಿದ್ರೆ ಅವರಿಗೆ ಇಲ್ಲಿ ಜಾಗ ಇಲ್ಲ. ಸಂಬಂಧ ಅಂತ ನೀವು ಕಣ್ಣು ಮುಚ್ಕೊಂಡ್ರೆ..." ಅವರು ನನ್ನ ಹಲ್ಲುಗಳನ್ನೇ ನೋಡುತ್ತ ನಿಂತರು.

ಭಾವ ವಾರವೆಲ್ಲ ಅಪರಿಚಿತರ ಕಣ್ಣಿಗೆ ಟಾರ್ಚು ಬಿಟ್ಟು "ಇದು ಸ್ಪಷ್ಟವೋ, ಅದು ಸ್ಪಷ್ಟವೋ" ಎಂದು ಕೇಳುತ್ತಾರೆ. ಅವರನ್ನು ಯಾರೂ ಏನೂ ಕೇಳುವುದಿಲ್ಲ. ಅವರು ನಗುವುದು ಭಾನುವಾರ ಮಾತ್ರ. ಲಾಂಡ್ರಿ ಮೇಲಿನ ಆ ಕುರ್ಚಿ ಹೋದರೆ ಅವರಿಗೆ ಉಳಿಯುವುದೇನು ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಬುಧವಾರ, ಅವರು ಅಂಗಡಿಯಲ್ಲಿರುವ ಹೊತ್ತು ನೋಡಿಕೊಂಡು, ಉಕ್ಕಿನ ಸ್ಕೇಲನ್ನು ಜೇಬಿಗಿಳಿಸಿ ಅಕ್ಕನ ಮನೆಗೆ ಹೋದೆ.

ಅಕ್ಕ ಕಿಟಕಿಯ ಪರದೆಗಳನ್ನು ಒಗೆಯಲು ಇಳಿಸುತ್ತಿದ್ದಳು. ನಾನು ಭಾವನ ಬೀರು ತೆರೆದದ್ದನ್ನು ನೋಡಿ ನಕ್ಕಳು.

"ಏನೋ, ಕಾರಿಗೆ ಪ್ಯಾಂಟು ಹೊಲೀತೀಯಾ?"

"ಧೂಳು ಕೂರದ ಹಾಗೆ ಕವರ್ ಹೊಲಿಯೋಣ ಅಂತ."

ಸುಳ್ಳು ಇಷ್ಟು ಸಲೀಸಾಗಿ ಬಂದದ್ದು ನನಗೇ ಆಶ್ಚರ್ಯ. ಒಂದು ಕಾರನ್ನು ಮಗುಚಿ ನೋಡಿದೆ. ಹೊಟ್ಟೆಯ ಮೇಲೆ ಅಚ್ಚಾಗಿತ್ತು: ಒಂದಕ್ಕೆ ಐವತ್ತಾರು. ನಿಜವಾದ ಗಾಡಿಯ ಐವತ್ತಾರನೆಯ ಒಂದು ಪಾಲು ಎಂದರ್ಥ. ಆಮೇಲೆ ಒಬ್ಬ ಸೈನಿಕನನ್ನು ಮೇಜಿನ ಮೇಲೆ ನಿಲ್ಲಿಸಿ, ಶಿರಸ್ತ್ರಾಣದವರೆಗೆ ಅಳೆದೆ. ಮೂವತ್ತೈದು ಮಿಲಿಮೀಟರ್. ಐವತ್ತಾರರಿಂದ ಗುಣಿಸಿದರೆ ಆಸಾಮಿ ಆರಡಿ ಐದಂಗುಲ! ಅಂಥವನು ಆ ಕಾರಿನೊಳಗೆ ತೂರಬೇಕಾದರೆ ಮಡಚಿ ಇಡಬೇಕು.

"ದೊಡ್ಡವೂ ಇವೆ ಕಣೋ, ಅಟ್ಟದ ಮೇಲೆ," ಎಂದಳು ಅಕ್ಕ. "ಅವನ್ನೇ ಮೊದಲು ತಂದಿದ್ರು. ಆಮೇಲೆ ಯಾಕೋ ಕಟ್ಟಿಟ್ಟು, ಯಾರಿಗೂ ಹೇಳ್ಬೇಡ ಅಂದ್ರು. ನೀನೇನು ಹೊರಗಿನವನಾ?"

ಸ್ಟೂಲು ಹತ್ತಿದೆ. ಹಳೆಯ ದಿಂಬಿನ ಚೀಲದಲ್ಲಿ ಅದೇ ಕಾರುಗಳು, ಅದೇ ಹಸಿರು ಬಣ್ಣ, ಗಾತ್ರ ಮಾತ್ರ ದೊಡ್ಡದು. ಹೊಟ್ಟೆಯ ಮೇಲೆ ಒಂದಕ್ಕೆ ನಲವತ್ತೆಂಟು. ಮೂವತ್ತೈದನ್ನು ನಲವತ್ತೆಂಟರಿಂದ ಗುಣಿಸಿದೆ: ಐದಡಿ ಆರಂಗುಲ. ನಾನು ದಿನಾ ಬಟ್ಟೆ ಹೊಲಿದುಕೊಡುವ ಗಿರಾಕಿಯ ಎತ್ತರ! ಸರಿಯಾದ ಗಾಡಿಗಳನ್ನು ಅಡಗಿಸಿಟ್ಟು ಗಿಡ್ಡವನ್ನು ತಂದಿದ್ದಾರೆ. ಇನ್ನೇನು ಬೇಕು?

ಭಾನುವಾರ ಆಟಕ್ಕೆ ಮುಂಚೆ ಲೆಕ್ಕದ ಚೀಟಿಯನ್ನು ಮೇಜಿನ ಮೇಲಿಟ್ಟೆ. ಡಾಕ್ಟರು ಅದನ್ನು ಗಟ್ಟಿಯಾಗಿ ಓದಿದರು. ಡ್ರೈವರ್ ಭಾವನ ಕಡೆ ನೋಡಲಾರದೆ ದಾಳ ಉರುಳಿಸುತ್ತ ಕೂತರು.

ಭಾವ ಚೀಟಿಯನ್ನು ಮುಟ್ಟಲಿಲ್ಲ. "ಸ್ಕೇಲು ಎಲ್ಲಿಂದ ಇಟ್ಟೆ?"

"ಎಲ್ಲಿಂದ ಅಂದ್ರೆ? ಮೇಜಿಂದ."

"ಪ್ಯಾಂಟು ಅಳೆಯೋವಾಗ ಗಿರಾಕಿಗೆ ಬೂಟು ಬಿಚ್ಚಿಸ್ತೀಯಾ?"

"ಇಲ್ಲ. ಬೂಟು ಹಾಕ್ಕೊಂಡೇ ನಿಲ್ಲಿಸ್ತೀನಿ, ನೆಲದಿಂದ..." ಹೇಳುತ್ತಿದ್ದ ಹಾಗೆ ನನ್ನ ಕಣ್ಣು ಸೈನಿಕರ ಕಾಲಡಿಗೆ ಹೋಯಿತು.

ಬೀಳದಿರಲೆಂದು ಪ್ರತಿ ಸೈನಿಕನನ್ನೂ ಒಂದು ಪ್ಲಾಸ್ಟಿಕ್ ಬಿಲ್ಲೆಗೆ ಅಂಟಿಸಿರುತ್ತೇವೆ. ಗಾಡಿಗಳಿಗೆ ಬಿಲ್ಲೆ ಇಲ್ಲ. ಇಪ್ಪತ್ತು ವರ್ಷದ ಅಭ್ಯಾಸದ ಕೈ ಬಿಲ್ಲೆಯನ್ನೂ ಬೂಟು ಎಂದುಕೊಂಡು ಅಳೆದಿತ್ತು.

ಭಾವ ಬ್ಲೇಡು ತೂರಿಸಿ ಒಬ್ಬ ಸೈನಿಕನನ್ನು ಬಿಲ್ಲೆಯಿಂದ ಎಬ್ಬಿಸಿದರು. ಅವನನ್ನು ಸ್ಕೇಲಿನ ಪಕ್ಕ ಮಲಗಿಸಿದರು. "ಕಾಲಿಂದ ಕಣ್ಣಿಗೆ ಇಪ್ಪತ್ತೆಂಟು. ಡಬ್ಬಿ ಮೇಲೆ ಬರೆದಿರೋದೂ ಅದೇ. ಟೋಪಿ ಸೇರಿ ಮೂವತ್ತೊಂದು. ಈಗ ಐವತ್ತಾರರಿಂದ ಗುಣಿಸಿ ಡಾಕ್ಟ್ರೇ."

"ಐದಡಿ ಎಂಟಂಗುಲ," ಎಂದರು ಡಾಕ್ಟರು, ಎರಡು ಸಲ ಗುಣಿಸಿ ನೋಡಿ.

"ಹಾಗಾದ್ರೆ ಈ ಗೋಡೆ?" ಡ್ರೈವರ್ ಕೇಳಿದರು. "ಇದನ್ನ ಯಾವ ಅಳತೆಗೆ ಮಾಡಿದ್ರಿ?"

ಆಳೆತ್ತರದ ಗೋಡೆ. ಡಾಕ್ಟರು ಅದನ್ನು ಬಿಲ್ಲೆಯ ಮೇಲೆ ನಿಂತ ಸೈನಿಕನ ಪಕ್ಕದಲ್ಲಿಟ್ಟೇ ಕತ್ತರಿಸಿದ್ದರು. ಗಾಡಿ ಗಿಡ್ಡವಾಗಿರಲಿಲ್ಲ, ಗೋಡೆ ಬಿಲ್ಲೆಯ ದಪ್ಪದಷ್ಟು, ನಾಲ್ಕು ಮಿಲಿಮೀಟರ್, ಬೆಳೆದಿತ್ತು. ಅಲ್ಲಿಗೆ ನಾನು ಸುಮ್ಮನಿರಬೇಕಿತ್ತು.

"ಮತ್ತೆ ಅಟ್ಟದ ಮೇಲೆ ದೊಡ್ಡವನ್ನ ಯಾಕೆ ಬಚ್ಚಿಟ್ರಿ?"

ಭಾವ ನನ್ನನ್ನು ಮೊದಲ ಬಾರಿ ನೇರವಾಗಿ ನೋಡಿದರು. "ನನ್ನ ಮನೆ ಅಟ್ಟ ಹತ್ತಿದ್ಯಾ?"

ನಾನು ಮೇಜಿನ ಮೇಲಿನ ಚೀಟಿಯನ್ನು ಎತ್ತಿ ಮಡಚಿದೆ.

"ನಾನೂ ಮೊದಲು ಬಿಲ್ಲೆ ಸೇರಿಸಿಯೇ ಅಳೆದಿದ್ದೆ. ಹನ್ನೆರಡು ಕಾರಿಗೆ ಬಣ್ಣ ಬಳಿದ ಮೇಲೆ ತಪ್ಪು ಗೊತ್ತಾಯ್ತು. ನೀವೆಲ್ಲ ನಗ್ತೀರಾ ಅಂತ ಹೇಳಲಿಲ್ಲ."

ಯಾರೂ ನಗಲಿಲ್ಲ.

"ಆಯ್ತಲ್ಲ, ಮುಗೀತು," ಎಂದರು ಡಾಕ್ಟರು ಅವಸರದಿಂದ. "ಗೋಡೆ ಕತ್ತರಿಸ್ತೀನಿ. ಬನ್ನಿ, ಆಡೋಣ. ನಿಮ್ಮ ಮೇಲೆ ಯಾರಿಗೂ ಏನೂ ಇಲ್ಲಪ್ಪ."

"ಇಲ್ಲ ಡಾಕ್ಟ್ರೇ." ಭಾವ ಕುರ್ಚಿ ಎಳೆದುಕೊಂಡು ಭದ್ರವಾಗಿ ಕೂತರು. "ನನ್ನದನ್ನ ಅಳೆದಾಯ್ತು. ಈಗ ಎಲ್ಲರದೂ ಆಗ್ಲಿ. ನಿಮ್ಮ ಗಾಡಿ, ಡ್ರೈವರ್ ಸಾಹೇಬ್ರ ಲಾರಿ, ಇವನ ಸೈನಿಕರು, ಒಂದೂ ಬಿಡೋದು ಬೇಡ. ಅಳೆಯೋಕೆ ಇವನಿದ್ದಾನಲ್ಲ."

ಡಾಕ್ಟರು ಡ್ರೈವರ್ ಕಡೆ ನೋಡಿದರು, ಡ್ರೈವರ್ ಡಾಕ್ಟರ ಗಾಡಿಗಳ ಕಡೆ. ಬೇಡ ಎಂದವರ ಮೇಲೆ ಅನುಮಾನ ಬರುವುದು ಖಚಿತವಾಗಿದ್ದರಿಂದ ಯಾರೂ ಬೇಡ ಎನ್ನಲಿಲ್ಲ.

ಆ ಮಧ್ಯಾಹ್ನ ಆಟ ನಡೆಯಲಿಲ್ಲ. ನಾನು ಮೇಜಿನ ಅಂಚಿಗೆ ಮಂಡಿಯೂರಿ ಸೈನಿಕರನ್ನು ಒಬ್ಬೊಬ್ಬರನ್ನಾಗಿ ಅಳೆದೆ. ಭಾವ ಪೆನ್ಸಿಲ್ ಹಿಡಿದು ಬರೆದುಕೊಂಡರು.

"ಇಪ್ಪತ್ತೆಂಟು," ಎಂದೆ.

"ಇನ್ನೊಂದು ಸಲ," ಎಂದರು ಭಾವ, ತಲೆಯೆತ್ತದೆ.

ಇನ್ನೊಂದು ಸಲ ಅಳೆದೆ. ಇಪ್ಪತ್ತೆಂಟೇ. ಅವರು ಎದ್ದು ಬಂದು, ನನ್ನ ಹೆಗಲ ಮೇಲಿಂದ ಬಗ್ಗಿ, ತಾವೇ ನೋಡಿಕೊಂಡು ಬರೆದರು.