ದೊಡ್ಡ ರಾಶಿಯ ಪಕ್ಕದಲ್ಲಿ ಅಣ್ಣ

ಮುಂದೆ ಬಿಲ್ಲೆಗಳ ದೊಡ್ಡ ರಾಶಿ ಇದ್ದರೆ ಆಟ ಸಲೀಸು ಎಂದು ಯಾರು ಹೇಳಿದರೋ, ಅವರನ್ನು ಹಿಡಿದುತಂದು ಎರಡನೆಯ ದಿನದ ಮಧ್ಯಾಹ್ನ ನನ್ನ ಕುರ್ಚಿಯಲ್ಲಿ ಕೂರಿಸಬೇಕು. ಸೊಂಟ ಮರಗಟ್ಟಿತ್ತು. ಕಿಟಕಿಯಿಲ್ಲದ ಹಾಲ್, ಏಸಿಯ ಚಳಿ, ಪ್ರತಿ ಮೇಜಿನಿಂದಲೂ ಬಿಲ್ಲೆಗಳ ಕಟಕಟ ಸದ್ದು. ಆ ಪೋಕರ್ ಪಂದ್ಯದಲ್ಲಿ ನಾನು ಎಲ್ಲರಿಗಿಂತ ಮುಂದಿದ್ದೆ. ಖುಷಿಪಡಲು ಮಾತ್ರ ತ್ರಾಣವಿರಲಿಲ್ಲ.

ನನ್ನ ಬಲಗಡೆ ಕೂತಿದ್ದವನು ನನ್ನ ಸ್ವಂತ ಅಣ್ಣ. ಜಾಗ ಹಂಚುವ ಕಂಪ್ಯೂಟರಿಗೆ ನೆಂಟಸ್ತಿಕೆ ಗೊತ್ತಾಗುವುದಿಲ್ಲ. ನನಗೆ ಈ ಆಟ ಕಲಿಸಿದವನೇ ಅವನು. ಅಡುಗೆಮನೆಯಲ್ಲಿ ಅಂಗಿ ಗುಂಡಿಗಳನ್ನೇ ಬಿಲ್ಲೆ ಮಾಡಿಕೊಂಡು, ತಪ್ಪು ಮಾಡಿದಾಗಲೆಲ್ಲ ತಲೆಗೆ ಮೊಟಕಿ ಕಲಿಸಿದ. ಈಗ ಅವನ ಮುಂದೆ ಒಂದು ಹಿಡಿ ಬಿಲ್ಲೆ ಉಳಿದಿತ್ತು. ಎರಡು ವರ್ಷದಿಂದ ಎಲ್ಲಿ ಆಡಿದರೂ ಬರಿಗೈಯಲ್ಲೇ ಮನೆಗೆ ಹೋಗಿದ್ದ.

ಬೆಳಗ್ಗೆ ಅತ್ತಿಗೆ ಫೋನ್ ಮಾಡಿದ್ದರು.

"ನಿಮ್ಮಣ್ಣ ಮಾತು ಕೊಟ್ಟಿದಾರೆ ಕಣಮ್ಮ. ಈ ಸಲ ಬಹುಮಾನ ಬಂದ್ರೆ ಆಟ ಮುಂದುವರಿಸ್ತಾರೆ. ಬರ್ಲಿಲ್ವಾ, ಸೋಮವಾರದಿಂದ ನನ್ನ ಕನ್ನಡಕದ ಅಂಗಡೀಲಿ ಕೂರ್ತಾರೆ. ನಾನು ಯಾವುದಕ್ಕೆ ಕಾಯ್ತಿದೀನಿ ಅಂತ ನಿನಗೆ ಬಾಯಿಬಿಟ್ಟು ಹೇಳ್ಬೇಕಾ?"

ಹೇಳಬೇಕಾಗಿರಲಿಲ್ಲ. ಹೂಂ ಎಂದು ಫೋನ್ ಇಟ್ಟಿದ್ದೆ. ಅಣ್ಣ ಗೆಲ್ಲಲಿ ಎನ್ನುವುದೋ, ಸೋಲಲಿ ಎನ್ನುವುದೋ ನನಗೇ ತಿಳಿಯದು.

ಮಧ್ಯಾಹ್ನದ ಹೊತ್ತಿಗೆ ಇಪ್ಪತ್ತೆಂಟು ಜನ ಉಳಿದೆವು. ಬಹುಮಾನ ಇಪ್ಪತ್ತೇಳು ಜನಕ್ಕೆ. ಇನ್ನೊಬ್ಬರು ಹೊರಬಿದ್ದರೆ ಉಳಿದವರೆಲ್ಲ ಗೆದ್ದಂತೆ. ಆ ಒಬ್ಬರು ತಾವಾಗಬಾರದು ಎಂದು ಎಲ್ಲರೂ ಜೀವ ಕೈಯಲ್ಲಿ ಹಿಡಿದುಕೊಂಡು ಕೂರುವ ಹೊತ್ತು ಅದು. ದೊಡ್ಡ ರಾಶಿಯವರಿಗೆ ಹಬ್ಬ. ಪ್ರತಿ ಕೈಯಲ್ಲೂ, ಅಂದರೆ ಇಸ್ಪೀಟೆಲೆ ಹಂಚಿದಾಗಲೆಲ್ಲ, ಇಬ್ಬರು ಎಲೆ ನೋಡುವ ಮೊದಲೇ ಸರದಿಯಂತೆ ಬಿಲ್ಲೆ ಇಟ್ಟಿರಲೇಬೇಕು. ನಾನು ಪಣವನ್ನು ಜೋರಾಗಿ ಏರಿಸಿದರೆ ಸಾಕು, ಉಳಿದವರು ಎಲೆ ಎಸೆದು ಆ ಬಿಲ್ಲೆಗಳನ್ನು ನನಗೆ ಬಿಟ್ಟುಕೊಡುತ್ತಿದ್ದರು. ನನ್ನ ಎದುರು ಕೂತ ವಿಮೆ ಏಜೆಂಟ್ ಒಳ್ಳೆಯ ಎಲೆಗಳನ್ನೇ ಎಸೆಯುತ್ತಿದ್ದ ಎನ್ನುವುದು ಅವನ ಮುಖದ ಸಂಕಟದಲ್ಲೇ ಕಾಣುತ್ತಿತ್ತು. ಪಾಪ ಅನ್ನಿಸಲಿಲ್ಲ. ಈ ಕೆಲಸದಲ್ಲಿ ಪಾಪ ಅನ್ನಿಸಲು ಶುರುವಾದರೆ ಗಂಟುಮೂಟೆ ಕಟ್ಟುವುದೇ ಒಳ್ಳೆಯದು.

ಇದರಲ್ಲಿ ಒಂದು ಸೂಕ್ಷ್ಮವಿದೆ. ಈ ಹೆದರಿಕೆ ಎಷ್ಟು ಹೊತ್ತು ಇದ್ದರೆ ನನಗೆ ಅಷ್ಟು ಲಾಭ. ಆದ್ದರಿಂದ ಎಲ್ಲರಿಗಿಂತ ಬಡವನಾಗಿ ಕೂತವನನ್ನು ನಾನು ಹೊರಹಾಕಬಾರದು. ಅವನು ಉಸಿರಾಡುತ್ತಿರುವವರೆಗೆ ಉಳಿದವರು ನಡುಗುತ್ತಾರೆ. ಆ ಬಡವ ನನ್ನ ಅಣ್ಣನೇ ಆಗಿದ್ದ.

ಎರಡು ಸಲ ಅವನು ತನ್ನ ಬಿಲ್ಲೆಗಳನ್ನೆಲ್ಲ ಮುಂದೆ ತಳ್ಳಿದ. ಎರಡು ಸಲವೂ ಎದುರಿಸುವ ಸರದಿ ನನ್ನೊಬ್ಬಳದೇ. ಎರಡು ಸಲವೂ ಎಲೆ ಎಸೆದೆ. ಮೂರನೆಯ ಸಲ ಅವನು ತಳ್ಳಿದಾಗಲೂ ಎಸೆದೆ. ಕೈ ಸೋತಿತ್ತೋ ಏನೋ, ಎಸೆದ ಎಲೆ ಮಗುಚಿ ಬಿತ್ತು. ಎಲ್ಲಕ್ಕಿಂತ ದೊಡ್ಡ ಎಲೆ, ಎಕ್ಕ.

ಏಜೆಂಟ್ ಕುರ್ಚಿಯಿಂದ ಎದ್ದೇಬಿಟ್ಟ.

"ಎಕ್ಕ ಇಟ್ಕೊಂಡು ಬಿಟ್ಟುಕೊಡ್ತಾರೇನ್ರೀ ಯಾರಾದ್ರೂ? ಇವರಿಬ್ರೂ ಅಣ್ಣ ತಂಗಿ! ಮೇಲ್ವಿಚಾರಕರನ್ನ ಕರೀರಿ!"

ಮೇಲ್ವಿಚಾರಕರು ಬಂದರು. ನಿದ್ದೆಗೆಟ್ಟ ಕಣ್ಣು, ಕೊರಳಲ್ಲಿ ಗುರುತಿನ ಚೀಟಿ. ಪ್ರೀತಿಗಾಗಿ ಒಬ್ಬರನ್ನು ಉಳಿಸುವುದು ಕಳ್ಳಾಟ, ಸಿಕ್ಕಿಬಿದ್ದರೆ ಪಂದ್ಯದಿಂದ ಹೊರಕ್ಕೆ. ಲಾಭಕ್ಕಾಗಿ ಉಳಿಸುವುದು ಜಾಣತನ, ಅದಕ್ಕೆ ಯಾವ ಶಿಕ್ಷೆಯೂ ಇಲ್ಲ.

"ಯಾಕೆ ಎಸೆದ್ರಿ ಮೇಡಂ?" ಎಂದರು.

ಉತ್ತರ ಸುಲಭವಿತ್ತು. ಇವನು ನನ್ನ ಅಣ್ಣನೆಂದಲ್ಲ, ಇವನು ಇಲ್ಲಿರುವುದರಿಂದ ನನಗೆ ಲಾಭ, ಅಷ್ಟೇ ಇವನ ಬೆಲೆ ಎನ್ನಬೇಕಿತ್ತು. ನನಗೆ ಆಟ ಕಲಿಸಿದವನ ಪಕ್ಕದಲ್ಲೇ ಕೂತು ಅಷ್ಟು ಜನರ ಮುಂದೆ ಹೇಗೆ ಹೇಳಲಿ? ಹೇಳದಿದ್ದರೆ ಎರಡು ದಿನ ದುಡಿದದ್ದೆಲ್ಲ ನೀರುಪಾಲು.

ಅಣ್ಣನೇ ಬಾಯಿಬಿಟ್ಟ. ತಲೆ ಎತ್ತಲಿಲ್ಲ, ಬಿಲ್ಲೆಗಳನ್ನು ಜೋಡಿಸುತ್ತಲೇ ಹೇಳಿದ.

"ಸಾರ್, ಇವಳು ನನ್ನನ್ನ ಉಳಿಸ್ತಿಲ್ಲ. ಇವರನ್ನೆಲ್ಲ ತಿಂತಿದಾಳೆ. ನಾನು ಹೋದ್ರೆ ಈ ಏಜೆಂಟರಿಗೆ ಧೈರ್ಯ ಬಂದ್ಬಿಡತ್ತೆ, ಅದಕ್ಕೇ ನನ್ನ ಇಲ್ಲಿ ಕೂರಿಸ್ಕೊಂಡಿದಾಳೆ. ನಾನೇ ಕಲಿಸಿದ್ದು. ಇವಳ ಜಾಗದಲ್ಲಿ ನಾನಿದ್ರೂ ಇದನ್ನೇ ಮಾಡ್ತಿದ್ದೆ."

ಮೇಜಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮೇಲ್ವಿಚಾರಕರು ನನ್ನ ರಾಶಿ ನೋಡಿದರು, ಅಣ್ಣನ ಹಿಡಿ ಬಿಲ್ಲೆ ನೋಡಿದರು, ತಲೆಯಾಡಿಸಿದರು. "ಆಡಿ, ಆಡಿ. ನಾನು ಇಲ್ಲೇ ಇರ್ತೀನಿ" ಎಂದು ಹಿಂದೆ ಸರಿದು ನಿಂತರು. ಏಜೆಂಟ್ ಮುಖ ಊದಿಸಿಕೊಂಡು ಕೂತ. ನನಗೆ ನಾಚಿಕೆಯಾಯಿತು. ಅಣ್ಣನಿಗೆ ಮೊದಲಿನಿಂದಲೂ ಗೊತ್ತಿತ್ತು, ಗೊತ್ತಿದ್ದೂ ನನ್ನ ಪಕ್ಕದಲ್ಲಿ ಸುಮ್ಮನೆ ಕೂತಿದ್ದ.

ಮತ್ತೆ ಒಂದು ಸುತ್ತು ಕಳೆದು, ಮೊದಲೇ ಬಿಲ್ಲೆ ಇಡುವ ಸರದಿ ನಮ್ಮಿಬ್ಬರಿಗೇ ಬಂತು. ಎಲೆ ಹಂಚಿದರು. ಉಳಿದವರೆಲ್ಲ ಎಸೆದರು. ಅಣ್ಣ ತನ್ನ ಎಲೆಗಳನ್ನು ಮುಟ್ಟಲೇ ಇಲ್ಲ. ಬಿಲ್ಲೆಗಳನ್ನೆಲ್ಲ ಅಂಗೈಯಿಂದ ಒಟ್ಟಾಗಿ ಮುಂದಕ್ಕೆ ತಳ್ಳಿಬಿಟ್ಟ.

ನಾನು ಅವನ ಮುಖ ನೋಡಿದೆ. ಎಲೆ ನೋಡದೆ ಒಂದು ಗುಂಡಿಯನ್ನೂ ಇಡಬೇಡ ಎಂದು ನನ್ನ ತಲೆ ಮೊಟಕುತ್ತಿದ್ದ ಮನುಷ್ಯ. ಅವನು ಗೋಡೆಯ ಕಡೆ ನೋಡುತ್ತಿದ್ದ. ಕಣ್ಣ ಕೆಳಗೆ ಕಪ್ಪು, ಗಡ್ಡದಲ್ಲಿ ಬಿಳಿ. ಅವನಿಗೆ ಸಾಕಾಗಿತ್ತು. ತಾನಾಗಿ ಎದ್ದು ಹೋಗುವುದು ಅವನಿಂದಾಗದು, ಅದು ನಮ್ಮ ಮನೆಯವರ ರಕ್ತದಲ್ಲೇ ಇಲ್ಲ.

ನನ್ನ ಕೈಯಲ್ಲಿದ್ದದ್ದು ಒಂದು ರಾಣಿ, ಒಂದು ಆರು. ಎಕ್ಕವನ್ನೇ ಎಸೆದವಳು ಇದನ್ನು ಎಸೆಯುವುದು ಎಷ್ಟರ ಮಾತು? ಎಸೆದರೆ ಹೆದರಿಕೆ ಇನ್ನೂ ಒಂದು ಗಂಟೆ ನಡೆಯುತ್ತಿತ್ತು. ಆ ಒಂದು ಗಂಟೆಯಲ್ಲಿ ಪಂದ್ಯ ಹೆಚ್ಚುಕಡಿಮೆ ನನ್ನದೇ.

"ಒಪ್ಪಿದೆ" ಎಂದು ಅವನ ಬಿಲ್ಲೆಗಳಷ್ಟೇ ಮುಂದಿಟ್ಟೆ.

ಅಣ್ಣನ ಎಲೆ ಮಗುಚಿದಾಗ ಒಂಬತ್ತು ಮತ್ತು ನಾಲ್ಕು ಕಂಡವು. ಮೇಜಿನ ನಡುವೆ ಐದು ಎಲೆ ಬಿದ್ದವು. ಯಾವುದೂ ಯಾರ ಕೈಗೂ ಕೂಡಿಬರಲಿಲ್ಲ. ನನ್ನ ರಾಣಿ ಅವನ ಒಂಬತ್ತಕ್ಕಿಂತ ದೊಡ್ಡದು, ಅಷ್ಟಕ್ಕೇ ಮುಗಿಯಿತು.

ಹಾಲ್ ತುಂಬ ಚಪ್ಪಾಳೆ. ಯಾರೂ ನನ್ನ ಗೆಲುವಿಗೆ ತಟ್ಟಲಿಲ್ಲ, ತಾವು ಬದುಕಿದ್ದಕ್ಕೆ ತಟ್ಟಿದರು. ಏಜೆಂಟ್ ಪಕ್ಕದವರನ್ನು ತಬ್ಬಿಕೊಂಡ. ಅಣ್ಣ ಎದ್ದು ಅಂಗಿ ಸರಿಮಾಡಿಕೊಂಡ, ಎಲ್ಲರ ಕೈ ಕುಲುಕಿದ. ಕೊನೆಗೆ ನನ್ನ ಕಿವಿಯ ಬಳಿ ಬಾಗಿದ.

"ತಪ್ಪು ಮಾಡ್ದೆ ನೀನು. ಇನ್ನೂ ಒಂದು ಗಂಟೆ ತಿನ್ನಬಹುದಿತ್ತು."

"ಗೊತ್ತಣ್ಣ."

"ಗೊತ್ತಿದ್ದೂ ಮಾಡಿದ್ಯಾ?"

ಅವನು ನನ್ನ ತಲೆಯ ಮೇಲೆ ಕೈಯಿಟ್ಟ. ಮೊಟಕಲಿಲ್ಲ.

"ಊಟ ಮಾಡು. ಮುಖ ಬಾಡಿಹೋಗಿದೆ" ಎಂದ.

ಬಾಗಿಲು ದಾಟುವ ಮೊದಲೇ ಅವನು ಫೋನ್ ಕಿವಿಗಿಟ್ಟಿದ್ದ. "ಬರ್ತಿದೀನಿ ಕಣೇ" ಎಂದದ್ದು ಕೇಳಿಸಿತು. ಆ ದನಿಯಲ್ಲಿ ಸೋಲಿರಲಿಲ್ಲ, ಬೇಸರವೂ ಇರಲಿಲ್ಲ. ನನಗೆ ಹೊಟ್ಟೆಕಿಚ್ಚಾಯಿತು. ನಿಜವಾಗಿಯೂ ಹೊಟ್ಟೆಕಿಚ್ಚೇ.

ಎಲೆ ಹಂಚಿದರು. ನಾನು ಏರಿಸಿದೆ. ಏಜೆಂಟ್ ನಗುತ್ತಾ ನನ್ನ ಮೇಲೆ ಇನ್ನಷ್ಟು ಏರಿಸಿದ. ಈಗ ಯಾರಿಗೂ ನನ್ನ ರಾಶಿಯ ಹೆದರಿಕೆ ಇರಲಿಲ್ಲ. ರಾಣಿ, ಆರು ಹಿಡಿದು ನನ್ನನ್ನು ಎಬ್ಬಿಸಿ ಮನೆಗೆ ಕಳಿಸುವಷ್ಟು ನನ್ನ ಮೇಲೆ ಪ್ರೀತಿ ಇರುವವರು ಆ ಹಾಲ್‌ನಲ್ಲಿ ಯಾರೂ ಉಳಿದಿರಲಿಲ್ಲ. ನಾನು ಎಲೆ ಎಸೆದು, ಮುಂದಿನ ಕೈಗೆ ಕಾದೆ.