ವಾಲಗದ ಮುಂದೆ ಚಿಗಳಿ

ಹುಣಸೆಹಣ್ಣು, ಬೆಲ್ಲ, ಜೀರಿಗೆ, ಒಣಮೆಣಸಿನಕಾಯಿ, ಉಪ್ಪು, ಎಲ್ಲವನ್ನೂ ಒರಳಿಗೆ ಹಾಕಿ ಕುಟ್ಟಿ, ನೆಲ್ಲಿಕಾಯಿ ಗಾತ್ರದ ಉಂಡೆ ಮಾಡಿ, ತೆಂಗಿನ ಗರಿಯ ಕಡ್ಡಿಗೆ ಚುಚ್ಚಿದರೆ ಅದು ಚಿಗಳಿ. ಬರೆಯುತ್ತಿರುವಾಗಲೇ ನನ್ನ ಬಾಯಲ್ಲಿ ನೀರೂರಿತು. ಓದುತ್ತಿರುವ ನಿಮಗೂ ಊರಿದ್ದರೆ ವಾಲಗದ ಅಂಜಿನಪ್ಪನವರ ಕಷ್ಟ ನಿಮಗೆ ಅರ್ಧ ಅರ್ಥವಾದಂತೆಯೇ.

ನಮ್ಮೂರಿನ ಮದುವೆಗಳಲ್ಲಿ ನಾಗಸ್ವರ ಊದುತ್ತಿದ್ದವರು ಅವರು. ಚಪ್ಪರದ ಕೆಳಗೆ ಜಮಖಾನದ ಮೇಲೆ ಕೂರುತ್ತಲೇ ಅವರು ಮೊದಲು ನೋಡುತ್ತಿದ್ದದ್ದು ಹೆಣ್ಣುಗಂಡನ್ನಲ್ಲ, ಎದುರಿಗೆ ಕೂತ ಮಕ್ಕಳ ಕೈಗಳನ್ನು. ವಾಲಗದವರ ಮುಂದೆ ಚಿಗಳಿ ಚೀಪಿ, ಅವರ ಬಾಯಲ್ಲಿ ನೀರೂರಿಸಿ, ಕೊಳವೆಯಲ್ಲಿ ಗೊರಗೊರ ಅನ್ನಿಸುವುದು ನಮ್ಮೂರ ಮಕ್ಕಳ ಹಳೆಯ ತುಂಟತನ. ಅಂಜಿನಪ್ಪನವರು ಹುಬ್ಬೇರಿಸಿದರೆ ಸಾಕು, ಪಕ್ಕದಲ್ಲಿ ಡೋಲು ಬಾರಿಸುವ ಅವರ ಭಾವಮೈದ ಕೋಲು ಎತ್ತಿಕೊಂಡು ಮಕ್ಕಳನ್ನು ಅಟ್ಟಿಬಿಡುತ್ತಿದ್ದ. ಮಕ್ಕಳು ಅತ್ತ ಹೋಗಿ ಇತ್ತ ಬರುತ್ತಿದ್ದವು.

ನಾನು ಆಗ ವೈದ್ಯಕೀಯ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆ. ದೇಹದ ಚೂರುಗಳನ್ನು ತೆಳ್ಳಗೆ ಹೆರೆದು, ಬಣ್ಣ ಹಾಕಿ, ಗಾಜಿಗೆ ಅಂಟಿಸಿ, ಸೂಕ್ಷ್ಮದರ್ಶಕದಲ್ಲಿ ನೋಡುವ ವಿದ್ಯೆ ನನ್ನದು. ಅದರಲ್ಲೂ ನಾಲಿಗೆ ಮತ್ತು ಜೊಲ್ಲಿನ ಗ್ರಂಥಿಗಳೆಂದರೆ ನನಗೆ ಹುಚ್ಚು. ಡಾಕ್ಟರು ಹೌದು, ಆದರೆ ಒಬ್ಬರ ಕೆಮ್ಮಿಗೂ ಔಷಧಿ ಬರೆದವಳಲ್ಲ. ನಮ್ಮ ಬೀದಿಯವರಿಗೆ ಎಷ್ಟು ಹೇಳಿದರೂ ಈ ಮಾತು ತಲೆಗೆ ಹೋಗುತ್ತಿರಲಿಲ್ಲ.

ಅಂಜಿನಪ್ಪನವರ ಮನೆಗೂ ನನ್ನ ಮನೆಗೂ ಹಿತ್ತಲಿನ ಗೋಡೆ ಒಂದೇ. ಬೆಳಿಗ್ಗೆ ಅವರು ನಾಗಸ್ವರದ ಸಾಧಕ ಮಾಡುವುದನ್ನು ಕೇಳುತ್ತಲೇ ನಾನು ಕಾಫಿ ಕುಡಿಯುತ್ತಿದ್ದೆ. ಅವರ ಹೆಂಡತಿ ಗಂಗರತ್ನಮ್ಮ ಗೋಡೆಯ ಆಚೆ ನಿಂತು ಊರ ಸುದ್ದಿಯನ್ನೆಲ್ಲ ಹೇಳುವವರು. ನನ್ನ ಹಿತ್ತಲಿನ ನೆಲ್ಲಿಕಾಯಿ ಕೊಟ್ಟರೆ ಸೆರಗಿನಲ್ಲಿ ಮುಚ್ಚಿಕೊಂಡು, ಬಚ್ಚಲಮನೆಯ ಮರೆಗೆ ಹೋಗಿ ತಿಂದು, ಬಾಯಿ ಮುಕ್ಕಳಿಸಿಯೇ ಒಳಗೆ ಹೋಗುತ್ತಿದ್ದರು. ಹಲ್ಲು ಚುಳ್ಳೆನ್ನುತ್ತದೇನೋ ಎಂದುಕೊಂಡು ನಾನು ಸುಮ್ಮನಿದ್ದೆ.

ಒಂದು ಮಳೆಗಾಲ ಮುಗಿಯುವ ಹೊತ್ತಿಗೆ ಆ ಸಾಧಕ ನಿಂತುಹೋಯಿತು. ಎಷ್ಟು ದಿನವಾದರೂ ಸದ್ದಿಲ್ಲ. ಕೊನೆಗೆ ಗಂಗರತ್ನಮ್ಮನೇ ಗೋಡೆಯ ಹತ್ತಿರ ಬಂದರು.

"ಅವರ ಬಾಯಿ ಒಣಗೋಗೈತೆ ಕಣ್ರಮ್ಮ. ರೊಟ್ಟಿ ಮುರಿದು ಬಾಯಿಗಿಟ್ರೆ ಅಲ್ಲೇ ಕೂತಿರ್ತದೆ, ತುತ್ತಿಗೊಂದು ಲೋಟ ನೀರು ಬೇಕು. ಇನ್ನು ಊದೋದೆಲ್ಲಿ? ಎರಡು ಸಾಲು ಊದೋಷ್ಟ್ರಲ್ಲಿ ಪೀಪಿ ಒಣಗಿ ಕೀರಲು ಬರ್ತದೆ."

ನಾಗಸ್ವರದ ಬಾಯಿಗಿಡುವ ಪೀಪಿ ಸದಾ ಎಂಜಲಿನಲ್ಲಿ ನೆನೆದಿರಬೇಕು. ಹೆಚ್ಚಾದರೆ ಗೊರಗೊರ, ಕಡಿಮೆಯಾದರೆ ಕೀರಲು. ಇಷ್ಟು ದಿನ ಹೆಚ್ಚಾಗುವುದಕ್ಕೆ ಹೆದರಿದ್ದ ಮನುಷ್ಯನಿಗೆ ಈಗ ಇಲ್ಲದಿರುವ ಸಂಕಟ. ಅದಕ್ಕಿಂತ ದೊಡ್ಡ ಸಂಕಟ ಮಾಘದಲ್ಲಿ ಕಾದಿತ್ತು. ಮೊಮ್ಮಗಳು ವನಜಾಳ ಮದುವೆ ಗೊತ್ತಾಗಿತ್ತು. ಅವಳು ತೊಡೆಯ ಮೇಲೆ ಕೂರುವ ವಯಸ್ಸಿನಲ್ಲೇ "ನನ್ನ ಮದ್ವೆಗೂ ನೀನೇ ಊದ್ಬೇಕು ತಾತ" ಎಂದಿದ್ದಳು, ಇವರು ಹೂಂ ಎಂದಿದ್ದರು. ಈಗ ಅವರ ಮಗ, ವನಜಾಳ ಅಪ್ಪ, ಬೇರೆ ಊರಿನ ವಾಲಗದವರನ್ನು ಗೊತ್ತು ಮಾಡುತ್ತೇನೆ ಎನ್ನುತ್ತಿದ್ದ.

ಅಂಜಿನಪ್ಪನವರನ್ನು ನಮ್ಮ ಕಾಲೇಜಿನ ಆಸ್ಪತ್ರೆಯ ಡಾಕ್ಟರರೊಬ್ಬರಿಗೆ ತೋರಿಸಿದೆ. ಅವರು ನೋಡಿ, ಕೆಳತುಟಿಯ ಒಳಗಿನಿಂದ ಒಂದು ಚೂರು ತೆಗೆದು ಪರೀಕ್ಷೆ ಮಾಡಬೇಕು ಎಂದರು. ತುಟಿ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಅಂಜಿನಪ್ಪನವರು ಹೆಗಲ ಮೇಲಿನ ಟವೆಲ್ಲು ಸರಿಮಾಡಿಕೊಂಡು ಎದ್ದು ಹೊರಗೆ ನಡೆದೇಬಿಟ್ಟರು. ನಾನು ಹಿಂದೆಯೇ ಓಡಿದೆ. ಮನೆಗೆ ಹೋಗಲು ಬಿಡದೆ ನನ್ನ ಪ್ರಯೋಗಶಾಲೆಗೆ ಕರೆದುಕೊಂಡು ಹೋಗಿ ಸೂಕ್ಷ್ಮದರ್ಶಕದ ಮುಂದೆ ಕೂರಿಸಿದೆ.

"ಒಂದು ಕಣ್ಣು ಮುಚ್ಚಿ ನೋಡಿ. ಇದು ಕಿವಿಯ ಮುಂದೆ, ಕೆನ್ನೆಯಲ್ಲಿರೋ ಗ್ರಂಥಿ."

"ದ್ರಾಕ್ಷಿ ಗೊಂಚಲಿದ್ದಂಗದೆ."

"ಹುಳಿ ತಿಂದಾಗ ಚಿಮ್ಮುತ್ತಲ್ಲ, ಆ ತೆಳು ನೀರು ಇಲ್ಲಿಂದಾನೇ ಬರೋದು. ಈಗ ಇದನ್ನ ನೋಡಿ. ನಾಲಿಗೆ ಅಡಿಯದು. ಬೆಳ್ಳಗೆ ಕಾಣೋದೆಲ್ಲ ಲೋಳೆ. ಅನ್ನ ಗಂಟಲಲ್ಲಿ ಜಾರಬೇಕಾದ್ರೆ ಈ ಲೋಳೆ ಬೇಕು."

ಮೂರನೆಯದು ದವಡೆಯ ಕೆಳಗಿನದು. ಬಿಳಿಯ ಗುಂಡುಗಳ ನೆತ್ತಿಯ ಮೇಲೆ ನೇರಳೆ ಬಣ್ಣದ ಪುಟ್ಟ ಅರ್ಧಚಂದ್ರಗಳು. ಅದರ ಮೇಲಿಂದ ಅವರು ಕಣ್ಣು ತೆಗೆಯಲೇ ಇಲ್ಲ.

"ಯಾರ ಬಾಯಿ ತಾಯಿ ಇದು?"

"ಗೊತ್ತಿಲ್ಲ ಅಂಜಿನಪ್ಪೋರೆ, ತುಂಬಾ ಹಳೇದು."

"ಪಾಪ, ಯಾವ ಯಾವ ಮದ್ವೆ ಊಟ ಉಂಡಿದ್ನೋ ಏನೋ."

ನನಗೆ ನಗು ಬಂತು. ಅವರು ನಗಲಿಲ್ಲ. ಸೂಕ್ಷ್ಮದರ್ಶಕದಿಂದ ತಲೆಯೆತ್ತಿ, ಕೆಳತುಟಿಯನ್ನು ಎರಡು ಬೆರಳಲ್ಲಿ ಹಿಡಿದುಕೊಂಡೇ ಕೇಳಿದರು.

"ನಂದೂ ಹಿಂಗೇ ಹೆರೀತೀರಾ?"

"ಹೊರಗಡೆ ಮುಟ್ಟೋದೇ ಇಲ್ಲ. ಒಳಗಡೆ, ಸಬ್ಬಕ್ಕಿ ಕಾಳಷ್ಟು."

"ಊದೋನಿಗೆ ಒಳಗಡೇನೇ ತಾಯಿ ತುಟಿ."

ಅದು ನಿಜ. ಇದ್ದದ್ದನ್ನು ಇದ್ದಹಾಗೆ ಹೇಳಿದೆ. ಗ್ರಂಥಿಗಳು ಸತ್ತಿವೆಯೋ ಬದುಕಿವೆಯೋ ನೋಡದೆ ಗೊತ್ತಾಗುವುದಿಲ್ಲ. ಸತ್ತಿದ್ದರೆ ಬೇರೆ ವಾಲಗದವರನ್ನು ಕರೆಸುವುದೇ ಸರಿ. ಬದುಕಿದ್ದರೆ ಏನಾದರೂ ಮಾಡಬಹುದು. ಅವರು ತುಟಿಯಿಂದ ಬೆರಳು ತೆಗೆದರು.

"ಮಗೀಗೆ ಮಾತು ಕೊಟ್ಟಿವ್ನಿ. ಕುಯ್ಯಾಕೆ ಹೇಳಿ" ಎಂದರು.

ತೆಗೆದ ಚೂರು ನನ್ನ ಕೈಗೇ ಬಂತು. ಅದನ್ನು ಮೇಣದಲ್ಲಿ ಹುದುಗಿಸಿ, ಹೆರೆದು, ಬಣ್ಣ ಹಾಕಿ ಗಾಜನ್ನು ಸಿದ್ಧಮಾಡಿದೆ. ಆವರೆಗೆ ನಾನು ನೋಡಿದ್ದೆಲ್ಲ ಹೆಸರಿಲ್ಲದವರ ಬಾಯಿ. ಇದು ದಿನಾ ಬೆಳಿಗ್ಗೆ ನನ್ನ ಕಾಫಿಗೆ ಜೊತೆಯಾಗಿದ್ದ ಬಾಯಿ. ಸೂಕ್ಷ್ಮದರ್ಶಕದ ತಿರುಪನ್ನು ಎರಡೆರಡು ಸಲ ತಿರುಗಿಸಿ ನೋಟ ಸರಿಮಾಡಿಕೊಂಡೆ. ಅಲ್ಲಲ್ಲಿ ಕಪ್ಪು ಚುಕ್ಕೆಗಳು ಗುಂಪು ಕಟ್ಟಿಕೊಂಡು ಗ್ರಂಥಿಯ ಜಾಗವನ್ನು ನುಂಗಿದ್ದವು. ನಮ್ಮದೇ ರಕ್ತದ ಕಾವಲುಗಾರರು ತಪ್ಪು ಮನೆಗೆ ನುಗ್ಗಿದಾಗ ಹೀಗಾಗುತ್ತದೆ. ಆದರೆ ಗಾಜನ್ನು ಸರಿಸುತ್ತ ಹೋದಂತೆ, ಮೂಲೆಯಲ್ಲಿ, ಬೆಳ್ಳನೆಯ ಗುಂಡುಗಳು ಒಂದೂ ಮುಕ್ಕಾಗದೆ ಸಾಲಾಗಿ ಕೂತಿದ್ದವು. ಒಬ್ಬಳೇ ಇದ್ದೆ, ಆದರೂ "ಸದ್ಯ" ಎಂದು ಗಟ್ಟಿಯಾಗಿ ಹೇಳಿಕೊಂಡೆ.

ಸಂಜೆ ಅವರ ಜಗಲಿಯಲ್ಲಿ ಕೂತು ಹೇಳಿದೆ. "ಅರ್ಧಕ್ಕರ್ಧ ಬದುಕಿದಾವೆ. ಡಾಕ್ಟ್ರು ಮಾತ್ರೆ ಕೊಡ್ತಾರೆ. ಉಳಿದಿರೋದನ್ನ ಹುಳಿ ಕೊಟ್ಟು ಎಬ್ಬಿಸಬೇಕು. ನಿಂಬೆಹೋಳು, ನೆಲ್ಲಿಕಾಯಿ, ಏನಾದ್ರೂ ಆಗುತ್ತೆ."

ಅಂಜಿನಪ್ಪನವರು ತಿರುಗಿ ಹೆಂಡತಿಯ ಮುಖ ನೋಡಿದರು. ಗಂಗರತ್ನಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಸರಕ್ಕನೆ ಒಳಗೆ ಹೋದರು. ಅಳುತ್ತಿದ್ದಾರೆ ಎಂದುಕೊಂಡೆ.

ಗಾಯ ಮಾಯ್ದ ಮೇಲೆ ಸಾಧಕ ಮತ್ತೆ ಶುರುವಾಯಿತು. ನಿಂಬೆಹೋಳು ಚೀಪಿ ಊದಿದರೆ ಹಿಂದಿಗಿಂತ ಹೆಚ್ಚು ಹೊತ್ತು ನಾದ ನಿಲ್ಲುತ್ತಿತ್ತು, ಆಮೇಲೆ ಕೀರಲು. ಊದುವಾಗ ಬಾಯಲ್ಲಿ ಏನನ್ನೂ ಇಟ್ಟುಕೊಳ್ಳುವಂತಿಲ್ಲ. ಮುಹೂರ್ತದ ಗಟ್ಟಿಮೇಳವನ್ನು ನಡುವೆ ನಿಲ್ಲಿಸುವಂತೆಯೂ ಇಲ್ಲ. ಮಗ ಬೇರೆಯವರನ್ನು ಗೊತ್ತುಮಾಡಿಯೇಬಿಟ್ಟ. ಅಂಜಿನಪ್ಪನವರು ಒಪ್ಪಿದರು, ಆದರೆ ಮುಹೂರ್ತದ ಹೊತ್ತು ಮಾತ್ರ ತನ್ನದು ಎಂದರು.

ಮದುವೆಯ ದಿನ ನಾನು ಮುಂದಿನ ಸಾಲಿನಲ್ಲೇ ಇದ್ದೆ. ಹೆಣ್ಣುಗಂಡಿನ ನಡುವೆ ತೆರೆ ಹಿಡಿದಿದ್ದರು. ಬಂದಿದ್ದ ವಾಲಗದವರು ಸರಿದು ಜಾಗ ಬಿಟ್ಟರು. ಅಂಜಿನಪ್ಪನವರು ನಿಂಬೆಹೋಳು ಚೀಪಿ, ಪಕ್ಕಕ್ಕಿಟ್ಟು, ನಾಗಸ್ವರ ಎತ್ತಿದರು. ಮೊದಲು ನಾದ ತುಂಬಿ ಬಂತು, ಚಪ್ಪರದಲ್ಲಿ ಮಾತಾಡುತ್ತಿದ್ದವರೆಲ್ಲ ಸುಮ್ಮನಾದರು. ತೆರೆಯ ಹಿಂದಿನಿಂದ ವನಜಾ ಕತ್ತು ಹೊರಳಿಸಿ ತಾತನನ್ನು ನೋಡಿದಳು. ಪುರೋಹಿತರ ಮಂತ್ರ ಇನ್ನೂ ಮುಗಿದಿರಲಿಲ್ಲ. ಅಷ್ಟರಲ್ಲೇ ನಾದದ ಅಂಚು ಸವೆಯತೊಡಗಿತು. ಅವರ ಗಂಟಲು ಒಮ್ಮೆ ನುಂಗಲು ನೋಡಿತು, ನುಂಗಲು ಏನೂ ಇರಲಿಲ್ಲ. ಡೋಲಿನ ಭಾವಮೈದ ನನ್ನ ಕಡೆ ನೋಡಿದ. ನಾನು ಏನು ಮಾಡಲಿ?

ಆಗ ಮಂಟಪದ ಮೇಲಿದ್ದ ಗಂಗರತ್ನಮ್ಮ ಕೈಯಲ್ಲಿದ್ದ ಅಕ್ಷತೆಯನ್ನು ಸೊಸೆಯ ಕೈಗೆ ಸುರಿದು ಕೆಳಗಿಳಿದರು. ರೇಷ್ಮೆ ಸೀರೆ ಎತ್ತಿ ಕಟ್ಟಿಕೊಂಡು, ಗಂಡನ ಎದುರಿಗೇ ಚಕ್ಕಂಬಕ್ಕಳ ಹಾಕಿ ಕೂತರು. ಸೊಂಟದಿಂದ ಬಾಳೆಲೆಯ ಪೊಟ್ಟಣ ತೆಗೆದು ಬಿಚ್ಚಿದರು. ಒಳಗೆ ಚಿಗಳಿ. ಕಡ್ಡಿ ಹಿಡಿದು, ಕಣ್ಣು ಕಿರಿದು ಮಾಡಿ, ನಾಲಿಗೆ ಲೊಟಕ್ಕೆಂದು ಸದ್ದು ಮಾಡುವಂತೆ ಒಮ್ಮೆ ಚೀಪಿದರು. ಇನ್ನೊಮ್ಮೆ ಚೀಪಿದರು. ಹಿಂದೆ ಯಾರೋ "ಅಯ್ಯೋ, ಈವಮ್ಮಂಗೇನಾಯ್ತು" ಎಂದರು.

ಅಂಜಿನಪ್ಪನವರ ಹುಬ್ಬು ಮೇಲೇರಿತು. ಭಾವಮೈದ ಅಭ್ಯಾಸಬಲದಿಂದ ಕೋಲೆತ್ತಿದವನು, ಎದುರಿಗಿರುವವಳು ತನ್ನಕ್ಕ ಎಂದು ನೋಡಿ ಡೋಲಿನ ಮೇಲೆಯೇ ಇಳಿಸಿದ. ಅಂಜಿನಪ್ಪನವರ ಕೆನ್ನೆ ಒಳಗೆ ಸೆಳೆದುಕೊಂಡಿತು, ಗಂಟಲಿನ ಗಂಟು ಮೇಲೆ ಹೋಗಿ ಕೆಳಗೆ ಬಂತು. ನಾದ ಒದ್ದೆಯಾಯಿತು. ಒಂದೇ ಒಂದು ಸಲ ಗೊರ ಎಂದು, ಆಮೇಲೆ ಚಪ್ಪರ ಹಾರಿಹೋಗುವಂತೆ ಎದ್ದಿತು. ತೆರೆ ಸರಿಯಿತು, ಅಕ್ಷತೆ ಬಿತ್ತು, ಗಟ್ಟಿಮೇಳ ಮುಗಿಯುವವರೆಗೂ ಚಿಗಳಿಯೂ ನಿಲ್ಲಲಿಲ್ಲ. ನನ್ನ ಕಣ್ಣಲ್ಲಿ ಬಂದ ನೀರನ್ನು ನಾನು ಒರೆಸಿಕೊಳ್ಳಲೂ ಹೋಗಲಿಲ್ಲ. ಗ್ರಂಥಿಗಳನ್ನು ಎಷ್ಟು ತೆಳ್ಳಗೆ ಹೆರೆದರೂ ಇದು ಗಾಜಿನ ಮೇಲೆ ಕಾಣುವುದಿಲ್ಲ ಎಂದು ಆಮೇಲೆ ತರಗತಿಯಲ್ಲಿ ಹೇಳುತ್ತಿದ್ದೆ.

ಊಟದ ಪಂಕ್ತಿಯಲ್ಲಿ ಗಂಗರತ್ನಮ್ಮ ನನ್ನ ಪಕ್ಕ ಕೂತರು.

"ಹುಡುಗಿಯಾಗಿದ್ದಾಗ ಯಾರ್ದೋ ಮದ್ವೇಲಿ ಹಿಂಗೇ ಇವ್ರ ಮುಂದೆ ಕೂತು ಚೀಪಿದ್ದೆ ಕಣಮ್ಮ. ಮುಹೂರ್ತದಾಗೆ ಗೊರಗೊರ ಅಂದ್ಬಿಡ್ತು. ಯಾರಿವ್ಳು ಅಂತ ಮನೆತನಕ ಜಗಳಕ್ಕೆ ಬಂದೋರು, ಹೆಣ್ಣು ಕೇಳ್ಕೊಂಡು ಹೋದ್ರು. ಒಂದೇ ಮಾತು ಹೇಳಿದ್ರು, ನನ್ನ ಮುಂದೆ ಇನ್ನು ಹುಳಿ ತಿನ್ನಕೂಡ್ದು ಅಂತ. ಬಸುರೀಲೂ ಬಚ್ಚಲಲ್ಲಿ ನಿಂತು ಮಾವಿನಕಾಯಿ ತಿಂದಿವ್ನಿ."

ಬಚ್ಚಲಮನೆಯ ಮರೆಯಲ್ಲಿ ಹೋದ ನನ್ನ ನೆಲ್ಲಿಕಾಯಿಗಳೂ, ಅವತ್ತು ಜಗಲಿಯಲ್ಲಿ ಬಾಯಿಗೆ ಅಡ್ಡ ಬಂದ ಸೆರಗೂ ಆಗ ನೆನಪಾದವು.

ಸಂಜೆ ಚಪ್ಪರ ಖಾಲಿಯಾಗಿತ್ತು. ಬಂದಿದ್ದ ವಾಲಗದವರು ಹೊರಟುಹೋಗಿದ್ದರು. ಅಂಜಿನಪ್ಪನವರು ನಾಗಸ್ವರವನ್ನು ಒರೆಸಿ ಚೀಲಕ್ಕೆ ಹಾಕಿ, ದಾರ ಕಟ್ಟಿ, ಹೆಂಡತಿಯ ಕಡೆ ನೋಡಿದರು.

"ಅದು ಇನ್ನೂ ಐತಾ?"

ಗಂಗರತ್ನಮ್ಮ ಪೊಟ್ಟಣ ತೆಗೆದರು. "ಯಾಕೆ, ಇನ್ನೂ ಊದೋದೈತಾ?"

"ಇಲ್ಲ. ಸುಮ್ನೆ ತಿನ್ನು, ನೋಡ್ತೀನಿ."

ಗಂಗರತ್ನಮ್ಮ ಅದೇ ಜಮಖಾನದ ಮೇಲೆ ಎದುರಿಗೆ ಕೂತು, ಕಡ್ಡಿಯಲ್ಲಿ ಉಳಿದಿದ್ದ ಚಿಗಳಿಯನ್ನು ಅವಸರವಿಲ್ಲದೆ ಚೀಪತೊಡಗಿದರು. ಅಂಜಿನಪ್ಪನವರು ನೋಡುತ್ತ ಕೂತರು. ಸ್ವಲ್ಪ ಹೊತ್ತಿಗೆ ಹೆಗಲ ಮೇಲಿನ ಟವೆಲ್ಲಿನ ತುದಿಯಿಂದ ತಮ್ಮ ಬಾಯಿಯ ಅಂಚನ್ನು ಒರೆಸಿಕೊಂಡರು.